ಬರಿ ನೀರಿನ ಟ್ಯೂಬು

ಹೋದ ವಾರ ಊಟಿಯಲ್ಲಿ ಒಂದು ಸಂತಾಪ ಸಭೆ ನಡೆಯಿತು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಸಂಶೋಧನಾ ಸಂಸ್ಥೆಯ ಸಭಾಂಗಣದಲ್ಲಿ ಮೇಜಿನ ಮೇಲೆ ಫೋಟೋ, ಫೋಟೋಗೆ ಚೆಂಡುಹೂವಿನ ಹಾರ, ಪಕ್ಕದಲ್ಲಿ ಚಹಾ, ಬಿಸ್ಕತ್ತು. ನಮ್ಮ ವಿಭಾಗದ ಮುಖ್ಯಸ್ಥರು, ಎಲ್ಲರೂ ಸಾಹೇಬರು ಎನ್ನುತ್ತಿದ್ದವರು, ಎದ್ದು ನಿಂತು ಮಾತಾಡಿದರು. ‘ಪ್ರಾಮಾಣಿಕತೆಯ ಮೂರ್ತಿ’ ಅಂದರು. ‘ನಮ್ಮ ಲ್ಯಾಬಿನ ಬೆನ್ನೆಲುಬು’ ಅಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಕೈಯಲ್ಲಿದ್ದ ಬಿಸ್ಕತ್ತನ್ನು ಪುಡಿ ಪುಡಿ ಮಾಡಿದೆ. ಆ ಬೆನ್ನೆಲುಬನ್ನು ಮುರಿದವರು ಯಾರೆಂದು ಅಲ್ಲಿದ್ದವರಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ನಾನೂ ಅನ್ನಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೀರಿಕೊಂಡವರ ಹೆಸರನ್ನು ಬರೆಯುವುದಿಲ್ಲ. ಹಾಕಬೇಕಾದ ಕಡೆ ಆ ಸಂಸ್ಥೆ ಅವರ ಹೆಸರನ್ನು ಒಮ್ಮೆಯೂ ಹಾಕಲಿಲ್ಲ, ಈಗ ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿದೆ. ಆ ಸಾಲಿಗೆ ನಾನೂ ಸೇರುವುದು ಬೇಡ. ನನಗೆ ಅವರು ಅಕ್ಕ. ಇಲ್ಲಿಯೂ ಹಾಗೆಯೇ ಇರಲಿ.

ಅಕ್ಕ ನೀಲಗಿರಿಯ ಬಡಗರ ಮನೆಯ ಹೆಣ್ಣುಮಗಳು. ತುಮ್ಮನಟ್ಟಿಯಿಂದ ಆಚೆಗೆ, ಇಳಿಜಾರಿನಲ್ಲಿ ಕ್ಯಾರೆಟ್ಟು, ಬೀಟ್‌ರೂಟು ಬೆಳೆಯುವ ಒಂದು ಸಣ್ಣ ಹಟ್ಟಿ ಅವರದು. ಹಟ್ಟಿ ಎಂದರೆ ಅವರ ಮಾತಿನಲ್ಲಿ ಊರು. ಡಿಪ್ಲೊಮಾ ಮುಗಿಸಿ ಟೆಕ್ನಿಷಿಯನ್ ಆಗಿ ಸೇರಿದವರು ಟೆಕ್ನಿಷಿಯನ್ ಆಗಿಯೇ ನಿವೃತ್ತರಾದರು. ನಾನು ಎಂ.ಎಸ್ಸಿ. ಮಾಡಿ ಪ್ರಾಜೆಕ್ಟ್ ಸಹಾಯಕಿಯಾಗಿ ಹೋದಾಗ ಅವರಿಗೆ ಐವತ್ತು ದಾಟಿತ್ತು. ಕುಳ್ಳಗಿನ ಮೈ, ಮೊಣಕೈ ಸವೆದ ಸ್ವೆಟರು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ನಮ್ಮ ತಂದೆ ಗುಂಡ್ಲುಪೇಟೆ ಕಡೆಯಿಂದ ಬಂದು ಗೂಡಲೂರಿನಲ್ಲಿ ದಿನಸಿ ಅಂಗಡಿ ಇಟ್ಟವರು ಎಂದು ತಿಳಿದಾಗ, ‘ಹಂಗಾರೆ ನೀನು ಎಂಗ ಮಾತಿನವಳೇ’ ಎಂದು ನಕ್ಕರು. ಬಡಗದಲ್ಲಿ ಎಂಗ ಎಂದರೆ ನಮ್ಮ. ಅಂದಿನಿಂದ ನನ್ನೊಡನೆ ಅರ್ಧ ಕನ್ನಡ, ಅರ್ಧ ಬಡಗ, ಸಿಟ್ಟು ಬಂದಾಗ ತಮಿಳು.

ನಮ್ಮ ಕೆಲಸ ಪಿಸಿಆರ್. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಓಡಾಡಿದ ಅದೇ ಪಿಸಿಆರ್. ಅಲ್ಲಿ ಮೂಗಿನಲ್ಲಿ ವೈರಸ್ ಹುಡುಕಿದರು, ನಾವು ಮಣ್ಣಿನಲ್ಲಿ, ಹಳ್ಳದ ನೀರಿನಲ್ಲಿ, ಕಣ್ಣಿಗೆ ಕಾಣದ ಜೀವಿಗಳ ಜೀನುಗಳನ್ನು ಹುಡುಕುತ್ತಿದ್ದೆವು. ಬೇಕಾದ ಜೀನಿನ ಒಂದು ಚೂರು ನೀರಿನಲ್ಲಿ ಇದ್ದರೆ ಸಾಕು, ಯಂತ್ರ ಅದನ್ನು ಎರಡು, ನಾಲ್ಕು, ಎಂಟು ಎಂದು ಕೋಟಿಗಟ್ಟಲೆ ಪ್ರತಿ ಮಾಡುತ್ತದೆ. ಆಮೇಲೆ ಅದನ್ನು ಜೆಲ್ ಎಂಬ ತೆಳ್ಳನೆಯ ಹಾಳೆಯಂಥದ್ದರ ಮೇಲೆ ಓಡಿಸಿದರೆ ಹೊಳೆಯುವ ಗೆರೆ ಮೂಡುತ್ತದೆ. ಗೆರೆ ಇದ್ದರೆ ಜೀನು ಇದೆ, ಇಲ್ಲದಿದ್ದರೆ ಇಲ್ಲ.

ಕೇಳಲು ಸುಲಭ. ಅಕ್ಕ ನನಗೆ ಮೊದಲ ದಿನ ಕಲಿಸಿದ್ದು ಇದು ಯಾಕೆ ಸುಲಭವಲ್ಲ ಎಂಬುದನ್ನು. ‘ಹೆಪ್ಪು ಹಾಕಿದ ಸೌಟನ್ನ ತೊಳೀದೆ ಬೇರೆ ಹಾಲಿಗೆ ಇಟ್ಟರೆ ಏನಾಗ್ತದೆ?’ ಎಂದು ಕೇಳಿದರು. ಆ ಹಾಲೂ ಹೆಪ್ಪಾಗುತ್ತದೆ ಅಂದೆ. ‘ಇದೂ ಅಷ್ಟೇ. ನಿನ್ನೆ ಬೆಳೆದ ಜೀನು ಒಂದು ಹನಿ ಇವತ್ತಿನ ಟ್ಯೂಬಿಗೆ ಬಿದ್ದರೆ, ಇವತ್ತಿನ ನೀರಲ್ಲಿ ಇಲ್ಲದ್ದೂ ಇದೆ ಅಂತ ಹೇಳ್ತದೆ.’

ಅದಕ್ಕಾಗಿ ಅವರು ಎರಡು ಕೋಣೆ ಮಾಡಿಕೊಂಡಿದ್ದರು. ಟ್ಯೂಬುಗಳನ್ನು ತಯಾರಿಸುವ ಕೋಣೆ ಒಂದು, ಬೆಳೆದದ್ದನ್ನು ಜೆಲ್ಲಿಗೆ ಹಾಕುವ ಕೋಣೆ ಇನ್ನೊಂದು. ತಯಾರಿ ಕೋಣೆಯ ಪಿಪೆಟ್ಟುಗಳಿಗೆ, ಅಂದರೆ ಹನಿ ಅಳೆಯುವ ಕೊಳವೆಗಳಿಗೆ, ಬಿಳಿ ದಾರ ಸುತ್ತಿತ್ತು. ಬಿಳಿ ದಾರದ್ದು ಆ ಬಾಗಿಲು ದಾಟಬಾರದು. ಜೆಲ್ ಕೋಣೆಗೆ ಕಾಲಿಟ್ಟವರು ಆ ದಿನ ಮತ್ತೆ ತಯಾರಿ ಕೋಣೆಗೆ ಬರಬಾರದು. ಕೋಟು ಬೇರೆ, ಚಪ್ಪಲಿ ಬೇರೆ. ನಾನು ತಮಾಷೆ ಮಾಡಿದ್ದೆ: ‘ಅಕ್ಕ, ನಿಮ್ಮದು ನಮ್ಮಜ್ಜಿಯ ಮಡಿಗಿಂತ ಹೆಚ್ಚಾಯಿತು.’ ಅವರು ನಗಲಿಲ್ಲ. ‘ಮಡಿ ಮಾಡೋರು ಬೇರೆಯವರನ್ನ ದೂರ ಇಡ್ತಾರೆ. ನಾ ದೂರ ಇಡೋದು ಎನ್ನ ಕೈಯನ್ನ’ ಅಂದರು.

ಪ್ರತಿ ಸಲವೂ ಒಂದು ಟ್ಯೂಬಿನಲ್ಲಿ ಹಳ್ಳದ ನೀರಿನ ಬದಲು ಶುದ್ಧವಾದ ನೀರನ್ನು ಮಾತ್ರ ಹಾಕಿಡುತ್ತಿದ್ದರು. ಅದರಲ್ಲಿ ಏನೂ ಬರಬಾರದು. ಪುಸ್ತಕದಲ್ಲಿ ಅದಕ್ಕೊಂದು ದೊಡ್ಡ ಹೆಸರಿದೆ, ಅಕ್ಕ ಅದನ್ನು ‘ಬರಿ ನೀರು’ ಅನ್ನುತ್ತಿದ್ದರು. ಫಲಿತಾಂಶ ಬಂದಾಗ ನಾವೆಲ್ಲ ಮೊದಲು ಹಳ್ಳದ ಗೆರೆಗಳನ್ನು ನೋಡಿದರೆ ಅವರು ಮೊದಲು ಬರಿ ನೀರಿನ ಜಾಗ ನೋಡುತ್ತಿದ್ದರು. ‘ಬರಿ ನೀರು ಬಾಯಿ ಬಿಟ್ಟರೆ ಮಿಕ್ಕವರ ಮಾತು ಕೇಳಬೇಡ’ ಎಂಬುದು ಅವರ ಮಾತು. ಹೊಸದಾಗಿ ಬಂದವರಿಗೆಲ್ಲ ಅದನ್ನು ಒಂದು ಸಲ ಹೇಳುತ್ತಿದ್ದರು, ಎರಡನೆಯ ಸಲ ಹೇಳುತ್ತಿರಲಿಲ್ಲ.

ನೀರು ತರಲು ಅವರೇ ಹೋಗಬೇಕು. ಸಂಸ್ಥೆಯ ಜೀಪು ಸಾಹೇಬರ ಮನೆಯ ತರಕಾರಿಗೆ ಸಿಗುತ್ತಿತ್ತು, ನಮ್ಮ ಬಾಟಲಿಗಳಿಗೆ ಸಿಗುತ್ತಿರಲಿಲ್ಲ. ಒಂದು ಸಲ ತೊರಪಳ್ಳಿಯ ಹೊಳೆ ನೀರನ್ನು ಥರ್ಮಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ಬಸ್ಸಿನಲ್ಲಿ ತರುತ್ತಿದ್ದಾಗ ಕಂಡಕ್ಟರು, ‘ಏನಕ್ಕಾ, ಮೀನಾ?’ ಎಂದು ಮೂಗು ಮುಚ್ಚಿಕೊಂಡ. ‘ಮೀನು ಇಲ್ಲೆ ಸಾಮಿ, ಮೀನು ಕುಡಿಯೋ ನೀರು’ ಅಂದರು ಅಕ್ಕ. ಊಟಿ ತಲುಪುವವರೆಗೂ ಪೆಟ್ಟಿಗೆ ಅವರ ಮಡಿಲಲ್ಲೇ ಇತ್ತು.

ಈಗ ಆ ವಿಷಯಕ್ಕೆ ಬರುತ್ತೇನೆ.

ಅಕ್ಕನ ಹಟ್ಟಿಯ ಮೇಲುಗಡೆ ಗುಡ್ಡದಲ್ಲಿ ಒಂದು ರೆಸಾರ್ಟು ಎದ್ದಿತು. ಅದರ ಮಗ್ಗುಲಿನಿಂದಲೇ ಹಳ್ಳ ಇಳಿದು ಹಟ್ಟಿಗೆ ಬರುತ್ತದೆ. ಹಟ್ಟಿಯವರು ಕುಡಿಯುವುದೂ ಅದನ್ನೇ, ಕ್ಯಾರೆಟ್ಟು ತೊಳೆಯುವುದೂ ಅದರಲ್ಲೇ. ರೆಸಾರ್ಟು ಬಂದ ಎರಡನೆಯ ವರ್ಷ ಹಟ್ಟಿಯ ಮಕ್ಕಳಿಗೆ ಮೇಲಿಂದ ಮೇಲೆ ವಾಂತಿ, ಭೇದಿ. ಅಧಿಕಾರಿಗಳು ಬಂದರು, ನೋಡಿದರು, ಹಳ್ಳದ ದಂಡೆಯಲ್ಲಿ ಅಕ್ಕನ ಅಣ್ಣನ ಕೊಟ್ಟಿಗೆ ಕಂಡಿತು. ಅದರಲ್ಲಿ ಎರಡು ಎಮ್ಮೆ. ಇಡೀ ಹಟ್ಟಿಯಲ್ಲಿ ಉಳಿದಿದ್ದ ಕೊನೆಯ ಎಮ್ಮೆಗಳು. ಸಗಣಿಯಿಂದಲೇ ನೀರು ಕೆಟ್ಟಿದೆ, ಕೊಟ್ಟಿಗೆ ಕೀಳಿಸಬೇಕು, ಹಟ್ಟಿಯವರಿಗೆ ಶುಚಿತ್ವದ ತಿಳಿವಳಿಕೆ ಕೊಡಬೇಕು ಎಂದು ಮಾತಾಯಿತು. ತಲತಲಾಂತರದಿಂದ ಆ ನೀರನ್ನು ಕಾಪಾಡಿಕೊಂಡು ಬಂದವರಿಗೆ ಶುಚಿತ್ವದ ತಿಳಿವಳಿಕೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆಯನ್ನು ನಾನು ಕಣ್ಣಾರೆ ಕಂಡದ್ದು ಆಗಲೇ. ತೀರ್ಮಾನದ ಸಭೆಗೆ ದಿನವೂ ನಿಗದಿಯಾಯಿತು.

ಪಿಸಿಆರ್ ಇದಕ್ಕೆ ಉತ್ತರ ಹೇಳಬಲ್ಲದು. ಮನುಷ್ಯರ ಕರುಳಿನಲ್ಲಿ ಬಾಳುವ ಬ್ಯಾಕ್ಟೀರಿಯಾದ ಜೀನಿಗೆ ಒಂದು ಗುರುತು, ದನ ಎಮ್ಮೆಗಳ ಕರುಳಿನದಕ್ಕೆ ಇನ್ನೊಂದು ಗುರುತು. ಅಕ್ಕ ಸಾಹೇಬರ ಒಪ್ಪಿಗೆ ಪಡೆದು ಬೆಳಗಿನ ಮಂಜಿನಲ್ಲಿ ಹೋಗಿ ಮೂರು ಕಡೆ ನೀರು ತುಂಬಿದರು. ರೆಸಾರ್ಟಿಗಿಂತ ಮೇಲೆ ಒಂದು, ರೆಸಾರ್ಟಿನ ಕೆಳಗೆ ಒಂದು, ಹಟ್ಟಿ ದಾಟಿದ ಮೇಲೆ ಒಂದು. ಸಭೆಯ ಹಿಂದಿನ ದಿನ ಮಧ್ಯಾಹ್ನ ಗೆರೆಗಳು ಮೂಡಿದವು. ರೆಸಾರ್ಟಿನ ಮೇಲಿನ ನೀರಿನಲ್ಲಿ ಏನೂ ಇಲ್ಲ. ಕೆಳಗಿನದರಲ್ಲಿ ಮನುಷ್ಯರ ಗುರುತು ಢಾಳಾಗಿ. ನಾನು ಕುಣಿಯುವುದೊಂದು ಬಾಕಿ.

ಅಕ್ಕ ಬರಿ ನೀರಿನ ಜಾಗಕ್ಕೆ ಬೆರಳಿಟ್ಟರು. ಅಲ್ಲಿಯೂ ಒಂದು ಗೆರೆ. ತೀರ ಮಸುಕು, ಬೆಳಕು ಆರಿಸಿ ನೋಡಿದರೆ ಮಾತ್ರ ಕಾಣುವಷ್ಟು.

‘ಇದು ಆಗಲ್ಲ’ ಅಂದರು.

‘ಅಕ್ಕ, ನಾಳೆ ಸಭೆ. ಫಲಿತಾಂಶ ನಿಮ್ಮ ಹಟ್ಟಿಯ ಪರವಾಗಿಯೇ ಬಂದಿದೆಯಲ್ಲ.’

‘ಅದಕ್ಕೇ ಹೆದರಿಕೆ. ಎಂಗ ಪರ ಬಂದಿದ್ದನ್ನ ನಾ ಎರಡು ಸಲ ನೋಡಬೇಕು.’

‘ಯಾರಿಗೂ ಕಾಣಿಸೋದೇ ಇಲ್ಲ ಅದು.’

‘ಎನಗೆ ಕಂಡಿತಲ್ಲ’ ಎಂದು ಕನ್ನಡಕ ತೆಗೆದು ಸ್ವೆಟರಿಗೆ ಒರೆಸಿದರು.

ಮತ್ತೆ ಮಾಡಬೇಕೆಂದರೆ ಹೊಸ ರಾಸಾಯನಿಕಗಳು ಕೊಯಮತ್ತೂರಿನಿಂದ ಬರಬೇಕು, ಒಂದು ವಾರ ಬೇಕು. ಮರುದಿನದ ಸಭೆಗೆ ಅಕ್ಕ ಬರಿಗೈಯಲ್ಲಿ ಹೋಗಿ, ಪರೀಕ್ಷೆ ಮುಗಿದಿಲ್ಲ, ಹತ್ತು ದಿನ ಕೊಡಿ ಎಂದು ಕೇಳಿದರು. ಕೊಡಲಿಲ್ಲ. ಕೊಟ್ಟಿಗೆ ಕೀಳಿಸುವ ತೀರ್ಮಾನವಾಯಿತು.

ಆ ಸಂಜೆ ಹಟ್ಟಿಯ ಹಿರಿಯರ ಮುಂದೆ ಅವರು ನಿಂತಾಗ ನಾನೂ ಜೊತೆಗಿದ್ದೆ. ಅವರ ಅಣ್ಣ ತಲೆಗೆ ಬಿಳಿ ವಸ್ತ್ರ ಸುತ್ತಿದ ಎತ್ತರದ ಆಳು. ಎಲ್ಲರೆದುರು ಕೇಳಿದರು: ‘ಉತ್ತರ ಬಂದಿತ್ತಂತೆ. ನೀನೇ ಮುಚ್ಚಿಟ್ಟೆಯಂತೆ. ನೀ ಎಂಗಳವಳಾ, ಅವರವಳಾ?’

‘ಅದು ಕೆಟ್ಟ ಪರೀಕ್ಷೆ ಅಣ್ಣಾ. ಕೆಟ್ಟದ್ದನ್ನ ಕೊಟ್ಟರೆ, ನಾಳೆ ಒಳ್ಳೇದು ಕೊಟ್ಟಾಗಲೂ ಯಾರೂ ನಂಬಲ್ಲ.’

‘ನಿನ್ನ ಒಳ್ಳೇದು ಬರೋ ಹೊತ್ತಿಗೆ ಎನ್ನ ಎಮ್ಮೆ ಎಲ್ಲಿರ್ತಾವೆ?’

ಅಕ್ಕ ತಲೆ ತಗ್ಗಿಸಿದರು. ಆಮೇಲೆ ಬಡಗ ಮಾತಿನಲ್ಲಿ ಅಣ್ಣನಿಗೆ ಮೆಲ್ಲಗೆ ಏನೋ ಹೇಳಿದರು. ಗಾಳಿ ಜೋರಾಗಿತ್ತು, ನನಗೆ ಕೇಳಿಸಲಿಲ್ಲ. ಅಣ್ಣ ಮುಖ ತಿರುಗಿಸಿಕೊಂಡು ಹೊರಟುಹೋದರು. ಆ ವಾರವೇ ಕೊಟ್ಟಿಗೆ ಹೋಯಿತು, ಎಮ್ಮೆಗಳನ್ನು ಮಾರಿದರು.

ಬರಿ ನೀರು ಕೆಟ್ಟದ್ದು ಹೇಗೆ? ಅದನ್ನು ಅಕ್ಕ ಬಿಡಲಿಲ್ಲ. ಹೊಸ ಸಾಮಾನು ಬಂದ ದಿನ ಮೇಜು, ಡಬ್ಬಿ, ಒಂದೊಂದು ಪಿಪೆಟ್ಟು, ಎಲ್ಲವನ್ನೂ ಹತ್ತಿಯಲ್ಲಿ ಒರೆಸಿ, ಒರೆಸಿದ್ದನ್ನೇ ಪಿಸಿಆರ್‌ಗೆ ಹಾಕಿದರು. ಬಿಳಿ ದಾರದ ಒಂದು ಪಿಪೆಟ್ಟು ಹೊಳೆಯಿತು. ಆ ದಿನಗಳಲ್ಲಿ ತಯಾರಿ ಕೋಣೆಗೆ ಹೋಗುತ್ತಿದ್ದವರು ನಾವಿಬ್ಬರೇ. ಅವರು ನನ್ನನ್ನು ನೋಡಿದರು.

ನಾನೇ. ಮೊದಲ ಪರೀಕ್ಷೆಯ ಹಿಂದಿನ ವಾರ ಜೆಲ್ ಕೋಣೆಯ ಪಿಪೆಟ್ಟು ಸಿಕ್ಕಿಹಾಕಿಕೊಂಡಿತ್ತು. ಐದು ನಿಮಿಷದ ಕೆಲಸ ತಾನೇ ಎಂದು ಬಿಳಿ ದಾರದ್ದನ್ನು ಆ ಕೋಣೆಗೆ ಒಯ್ದು, ಬೆಳೆದ ಜೀನನ್ನು ಅದರಲ್ಲೇ ಜೆಲ್ಲಿಗೆ ಹಾಕಿ, ಸ್ಪಿರಿಟ್ಟಿನಲ್ಲಿ ಒರೆಸಿ, ಸದ್ದಿಲ್ಲದೆ ವಾಪಸ್ಸು ಇಟ್ಟಿದ್ದೆ. ಹೆಪ್ಪಿನ ಸೌಟು. ಅಳುತ್ತಾ ಎಲ್ಲ ಹೇಳಿದೆ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಹೇಳಿದೆಯಲ್ಲ. ಲ್ಯಾಬ್ ಪುಸ್ತಕದಲ್ಲಿ ಬರಿ’ ಅಂದರು. ಬರೆದೆ. ಬರೆದ ಮೇಲೆ ನನ್ನ ಪಾಲಿನದು ಮುಗಿಯಿತು ಅಂದುಕೊಂಡೆ.

ಎರಡನೆಯ ಪರೀಕ್ಷೆಗೆ ಅಕ್ಕ ಎಮ್ಮೆಗಳು ಹೋಗುವ ಮೊದಲೇ ಮತ್ತೆ ನೀರು ತಂದಿಟ್ಟಿದ್ದರು. ಈ ಸಲ ಬರಿ ನೀರಿನ ಜಾಗ ಕಪ್ಪಗೆ, ಖಾಲಿ. ಹಳ್ಳದ ಗೆರೆಗಳು ಮೊದಲಿನಂತೆಯೇ: ರೆಸಾರ್ಟಿನ ಮೇಲೆ ಏನಿಲ್ಲ, ಕೆಳಗೆ ಮನುಷ್ಯರ ಗುರುತು ಢಾಳು. ಎಮ್ಮೆಯ ಗುರುತು ಹಟ್ಟಿಯ ಕೆಳಗಿನ ನೀರಿನಲ್ಲಿ ಮಾತ್ರ ಒಂದು ಎಳೆಯಷ್ಟು. ಅದನ್ನು ಬಿಟ್ಟುಬಿಡೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ‘ಎಮ್ಮೆದೂ ಬರಿ. ಇದ್ದದ್ದು ಇದ್ದಷ್ಟೇ’ ಅಂದರು. ವರದಿಯ ಕೊನೆಯಲ್ಲಿ ತಾವೇ ಒಂದು ಸಾಲು ಸೇರಿಸಿದರು: ಮೊದಲ ಪರೀಕ್ಷೆಯಲ್ಲಿ ನಮ್ಮ ಕೈತಪ್ಪಿನಿಂದ ಬರಿ ನೀರು ಕೆಟ್ಟಿತ್ತು, ಆದ್ದರಿಂದ ಅದನ್ನು ಕೈಬಿಡಲಾಗಿದೆ. ‘ನಮ್ಮ’ ಎಂದು ಬರೆದರು, ನನ್ನ ಹೆಸರು ಬರೆಯಲಿಲ್ಲ.

ಆ ಒಂದು ಸಾಲನ್ನು ಹಿಡಿದುಕೊಂಡರು ನೋಡಿ ಸಾಹೇಬರು! ‘ಲ್ಯಾಬೇ ಕೊಳಕಾಗಿತ್ತು ಎಂದು ಇವರೇ ಒಪ್ಪಿಕೊಂಡಿದ್ದಾರೆ. ಇದನ್ನು ಹೇಗೆ ಕಳಿಸುವುದು? ಮೇಲಾಗಿ ಈಕೆ ಆ ಊರಿನವರೇ, ಪಕ್ಷಪಾತ ಅನ್ನುತ್ತಾರೆ’ ಎಂದು ತಮಿಳಿನಲ್ಲಿ ನಯವಾಗಿ ಹೇಳಿ ವರದಿಯನ್ನು ತಮ್ಮ ಬೀರುವಿಗೆ ಸೇರಿಸಿದರು. ಪಕ್ಷಪಾತ! ಪಕ್ಷಪಾತ ಇದ್ದಿದ್ದರೆ ಆ ಮಸುಕು ಗೆರೆ ನೋಡಿ ಪರೀಕ್ಷೆಯನ್ನೇ ಕೈಬಿಡುತ್ತಿದ್ದರೇ? ತಪ್ಪನ್ನು ಮುಚ್ಚಿಟ್ಟಿದ್ದರೆ ಹಟ್ಟಿ ಗೆಲ್ಲುತ್ತಿತ್ತು, ಹೇಳಿದ್ದಕ್ಕೆ ಸೋತಿತು. ಇದು ಯಾವ ಸೀಮೆಯ ನ್ಯಾಯ ಎಂದು ನಾನು ಇವತ್ತಿಗೂ ಕೇಳುತ್ತೇನೆ.

ಇನ್ನೂ ಕೇಳಿ. ಮುಂದಿನ ವರ್ಷ ಅದೇ ಗೆರೆಗಳು ಒಂದು ಸಮ್ಮೇಳನದಲ್ಲಿ ಪರದೆಯ ಮೇಲೆ ಬಂದವು. ಬೆಟ್ಟದ ಹಳ್ಳಗಳ ಸೂಕ್ಷ್ಮಜೀವಿಗಳ ಬಗ್ಗೆ ಸಾಹೇಬರ ಉಪನ್ಯಾಸ. ರೆಸಾರ್ಟು ‘ಎರಡನೆಯ ಸ್ಥಳ’ವಾಗಿತ್ತು. ಅಕ್ಕನ ಹೆಸರು ಎಲ್ಲೂ ಇರಲಿಲ್ಲ. ಸಮ್ಮೇಳನಕ್ಕೆ ಸಲ್ಲುವ ಸತ್ಯ ಹಟ್ಟಿಗೆ ಸಲ್ಲುವುದಿಲ್ಲವೇ? ನಾನು ಕೊನೆಯ ಸಾಲಿನಲ್ಲಿ ಹಲ್ಲು ಕಡಿಯುತ್ತಿದ್ದೆ. ಪಕ್ಕದಲ್ಲಿದ್ದ ಅಕ್ಕ ಪರದೆಯನ್ನೇ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ಮೆಟ್ಟಿಲಿನ ಮೇಲೆ ಕೂತುಬಿಟ್ಟರು.

‘ಹೆಸರು ಹೋಯಿತು, ಹೋಗಲಿ. ಬರಿ ನೀರನ್ನ ಯಾಕೆ ಕತ್ತರಿಸಿದರು?’

ನಾನು ಗಮನಿಸಿರಲಿಲ್ಲ. ಖಾಲಿ ಜಾಗ ಚಿತ್ರಕ್ಕೆ ಅಂದವಲ್ಲ ಎಂದೋ ಏನೋ, ಅಂಚಿನಲ್ಲಿದ್ದ ಬರಿ ನೀರಿನ ಪಟ್ಟಿಯನ್ನು ಸಾಹೇಬರು ಕತ್ತರಿಸಿ ತೆಗೆದಿದ್ದರು. ಆ ಖಾಲಿ ಜಾಗಕ್ಕಾಗಿಯೇ ಅಕ್ಕನ ಅಣ್ಣ ಎಮ್ಮೆ ಕಳೆದುಕೊಂಡಿದ್ದರು. ಅಕ್ಕ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ನಾನು ಆ ಕೆಲಸ ಬಿಟ್ಟೆ. ಈಗ ಕೂನೂರಿನಲ್ಲಿ ಚಹಾ ಪರೀಕ್ಷಿಸುವ ಒಂದು ಲ್ಯಾಬಿನಲ್ಲಿದ್ದೇನೆ. ಅಕ್ಕ ಹೋದ ವರ್ಷ ನಿವೃತ್ತರಾದರು. ವರದಿಯ ಪ್ರತಿಗಳನ್ನು ಹಿಡಿದು ಒಂದೊಂದು ಕಚೇರಿ ಹತ್ತಿ ಇಳಿದರು. ‘ಸಂಸ್ಥೆಯ ಮುದ್ರೆ ಇಲ್ಲ’ ಎಂದು ಎಲ್ಲ ಕಡೆಯೂ ವಾಪಸ್ಸು. ಒಂದು ದಿನ ಬಸ್ಸು ಇಳಿದು ಹಟ್ಟಿಯ ಏರು ಹತ್ತುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಸಂತಾಪ ಸಭೆಗೆ ಐದು ದಿನ ಮೊದಲು ಅವರ ಅಂತ್ಯಕ್ರಿಯೆ. ಬಡಗರಲ್ಲಿ ಒಂದು ಪದ್ಧತಿ ಇದೆ. ಸತ್ತವರ ಮುಂದೆ ಹಿರಿಯರೊಬ್ಬರು ನಿಂತು ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ, ಸುತ್ತ ನಿಂತವರು ಪ್ರತಿಯೊಂದಕ್ಕೂ ಅದು ಪಾಪ ಎಂದು ದನಿ ಸೇರಿಸುತ್ತಾರೆ, ಕೊನೆಗೆ ಎಲ್ಲವೂ ಕಳೆಯಲಿ ಎಂದು ಬೇಡುತ್ತಾರೆ. ನಾನು ಹೆಂಗಸರ ಗುಂಪಿನಲ್ಲಿ ನಿಂತು ಕೇಳುತ್ತಿದ್ದೆ. ಸುಳ್ಳು ಹೇಳಿದ್ದು, ಗಡಿಯ ಕಲ್ಲು ಸರಿಸಿದ್ದು, ಹೀಗೇ ಸಾಗಿ, ಹರಿಯುವ ನೀರನ್ನು ಕೆಡಿಸಿದ ಪಾಪ ಬಂತು. ಜನ ದನಿಗೂಡಿಸಿದರು. ನನ್ನ ಮೈ ಉರಿದುಹೋಯಿತು. ಪಕ್ಕದ ಮುದುಕಿಯ ತೋಳು ಹಿಡಿದು, ‘ಅಕ್ಕನಿಗೆ ಯಾಕೆ ಇದನ್ನು ಹೇಳುತ್ತಾರೆ?’ ಅಂದೆ.

‘ಎಲ್ಲಾರಿಗೂ ಇದನ್ನೇ ಹೇಳೋದು ಮಗಾ’ ಅಂದಳು ಆಕೆ. ‘ಅವಳು ಮಾಡಿದಳು ಅಂತಲ್ಲ. ಯಾರು ಮಾಡಿದ್ದರೂ ಅವಳ ಜೊತೆ ಹೋಗಿ ಕಳೀಲಿ ಅಂತ.’

ಯಾರು ಮಾಡಿದ್ದರೂ! ರೆಸಾರ್ಟಿನ ಕಕ್ಕಸು ಗುಂಡಿಯದೂ, ಬೀರುವಿನ ಬೀಗದ್ದೂ, ನನ್ನದೂ. ಬದುಕಿದ್ದಾಗ ಹೊತ್ತದ್ದು ಸಾಲದು ಎಂದು ಹೋಗುವಾಗಲೂ ಆಕೆಯೇ ಹೊರಬೇಕಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಎಲ್ಲ ಮುಗಿದ ಮೇಲೆ, ಮೊದಲು ಕೊಟ್ಟಿಗೆ ಇದ್ದ ಜಾಗದಲ್ಲಿ ಅವರ ಅಣ್ಣ ಒಬ್ಬರೇ ಕೂತಿದ್ದರು. ಹೋಗಿ ಮುಂದೆ ನಿಂತೆ. ‘ಅಣ್ಣಾ, ಆ ಮೊದಲನೆ ಪರೀಕ್ಷೆ ಕೆಟ್ಟದ್ದು ಅಕ್ಕನಿಂದ ಅಲ್ಲ. ನನ್ನ ಕೈಯಿಂದ’ ಅಂದೆ. ಪಿಪೆಟ್ಟಿನ ಕಥೆಯನ್ನೆಲ್ಲ ಹೇಳಿದೆ.

ಅವರು ತಲೆಯ ಬಿಳಿ ವಸ್ತ್ರ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಆಮೇಲೆ ಅಂದರು: ‘ಹಿರಿಯರು ಸೇರಿದ್ದ ದಿನ ಎನಗೆ ಏನು ಹೇಳಿದಳು ಗೊತ್ತಾ? ಎನ್ನ ಕೈಯೇ ತಪ್ಪಿರಬೇಕು ಅಣ್ಣಾ, ಬೇರೆ ಯಾರದೂ ಅಲ್ಲ ಅಂದಳು. ಆಮೇಲೂ ಅದನ್ನ ಬದಲಾಯಿಸಲಿಲ್ಲೆ. ಮೂರು ವರ್ಷ ನಾ ಅವಳ ಮನೆಯ ಒಂದು ಲೋಟ ಕಾಪಿ ಕುಡಿಯಲಿಲ್ಲೆ. ದಿನಾ ಈ ದಾರಿಯಲ್ಲೇ ಹೋಗೋಳು. ದಿನಾ ಕರೆಯೋಳು.’

ನಾನು ಏನೋ ಹೇಳಲು ಹೋದೆ. ಅವರು ಕೈ ಎತ್ತಿ ತಡೆದರು.

‘ನೀ ಇದನ್ನ ಅಂದೇ ಬಂದು ಹೇಳಬೇಕಿತ್ತು ಅಮ್ಮಾ. ಈಗ ನಾ ಯಾರ ಮನೆಗೆ ಹೋಗಲಿ?’